ಹಳದಿ ಹೆಚ್ಚಾದ ಕಾರ್ಡುಗಳು

ಬೆಳಿಗ್ಗೆ ಲಾಂಡ್ರಿಯ ಬಾಗಿಲು ತೆರೆದ ಕೂಡಲೇ ರಫೂ ಅಕ್ಕ ನೂಲಿನ ಡಬ್ಬಿಯನ್ನು ಹೊರಗಿನ ಮೆಟ್ಟಿಲ ಮೇಲೆ ತಂದಿಡುತ್ತಿದ್ದಳು. ಆ ದಿನ ಕೈಗೆತ್ತಿಕೊಳ್ಳಬೇಕಾದ ಕೋಟು, ಶಾಲು, ಸ್ವೆಟರುಗಳನ್ನು ಒಂದೊಂದಾಗಿ ಮಡಿಲಲ್ಲಿ ಹರಡಿಕೊಂಡು, ಹರಿದ ಜಾಗದ ಪಕ್ಕದಲ್ಲಿ ನೂಲಿನ ಎಳೆ ಹಿಡಿದು ಬಣ್ಣ ಹೊಂದಿಸುತ್ತಿದ್ದಳು. ಕೂರುವುದು ಬಿಸಿಲಿಗೆ ಬೆನ್ನು ಮಾಡಿ. ನೇರ ಬಿಸಿಲು ಬಣ್ಣವನ್ನು ತಿಂದುಬಿಡುತ್ತದೆ, ಬೇಕಾದದ್ದು ಆಕಾಶದ ಬೆಳಕು ಅನ್ನುತ್ತಿದ್ದಳು. ಅದು ಮುಗಿಯುವ ತನಕ ಚಹಾ ಇಲ್ಲ, ಮಾತಿಲ್ಲ. ಜ್ವರ ಬಂದ ದಿನವೂ ತಲೆಗೆ ಬಟ್ಟೆ ಸುತ್ತಿಕೊಂಡು ಬಂದು ಇಷ್ಟು ಮಾಡಿಯೇ ಮನೆಗೆ ಹೋಗಿ ಮಲಗಿದ್ದಳು. "ಒಳಗೆ ಲೈಟಿದೆಯಲ್ಲ" ಎಂದು ಯಾರಾದರೂ ಅಂದರೆ, "ಲೈಟು ಮುಖ ನೋಡಿ ಮಾತಾಡುತ್ತೆ" ಎನ್ನುತ್ತಿದ್ದಳು.

ಲಾಂಡ್ರಿಗೆ ಅಂಟಿಕೊಂಡ ಗುಂಡಿ, ದಾರ, ಜಿಪ್ಪು ಮಾರುವ ಅಂಗಡಿ ನನ್ನದು. ಗಿರಾಕಿ ಇಲ್ಲದಾಗ ಅವಳು ಮಾತಾಡುತ್ತಿದ್ದಳು, ನಾನು ಕೇಳುತ್ತಿದ್ದೆ.

ರಫೂ ಅಂದರೆ ಹರಿದ ಬಟ್ಟೆಯನ್ನು ಸುಮ್ಮನೆ ಹೊಲಿಯುವುದಲ್ಲ. ತೂತಿನ ಆಚೀಚೆಯ ಎಳೆಗಳನ್ನು ಹಿಡಿದು ಆ ಜಾಗವನ್ನು ಸೂಜಿಯಲ್ಲೇ ಮತ್ತೆ ನೇಯುವುದು. ಚೆನ್ನಾಗಿ ಮಾಡಿದರೆ ಮಾಡಿದ್ದೇ ಗೊತ್ತಾಗಬಾರದು. ಕಲಿಯುವ ಕಾಲದಲ್ಲಿ ಒಮ್ಮೆ ಸಂಜೆ ದೀಪದ ಬೆಳಕಲ್ಲಿ ಕೆನೆ ಬಣ್ಣದ ಕೋಟಿಗೆ ಎಳೆ ಆರಿಸಿ ಅವಳು ಕೆಲಸ ಮುಗಿಸಿದ್ದಳಂತೆ. ಬೆಳಿಗ್ಗೆ ನೋಡಿದರೆ ಕೋಟಿನ ತೋಳಿನ ಮೇಲೆ ಮೊಟ್ಟೆಯ ಹಳದಿ ಚೆಲ್ಲಿದ ಹಾಗೆ ಒಂದು ಮಚ್ಚೆ. ದೀಪದ ಬೆಳಕೇ ಹಳದಿ, ಅದರಲ್ಲಿ ಹಳದಿ ಬಣ್ಣ ಬಿಳಿಯೊಳಗೆ ಕರಗಿಹೋಗುತ್ತದೆ, ಇದ್ದದ್ದು ಕಾಣುವುದೇ ಇಲ್ಲ. ಕಲಿಸುತ್ತಿದ್ದ ಮುದುಕ ಬೈಯಲಿಲ್ಲವಂತೆ. ಕೋಟನ್ನು ಅವಳ ಹೆಗಲಿಗೆ ಹಾಕಿ, "ಇದನ್ನು ಹಾಕ್ಕೊಂಡು ಪೇಟೆ ಸುತ್ತಿ ಬಾ" ಅಂದನಂತೆ. ಬೈಗುಳವೇ ವಾಸಿಯಿತ್ತು ಎಂದು ಅವಳು ನಗುತ್ತಿದ್ದಳು.

ಆಗ ಅವಳು ನಗುತ್ತಿದ್ದಳು. ನಾನು ಹೇಳಹೊರಟಿರುವುದು ಅವಳ ನಗು ನಿಂತ ವರ್ಷದ ಮಾತು.

ಅವಳ ಚಿಕ್ಕಪ್ಪನ ಮಗ ರೈಲ್ವೆ ಸ್ಟೇಷನ್ನಿನ ಎದುರು ಲಾಡ್ಜು ನಡೆಸುತ್ತಿದ್ದ. ಕೆಟ್ಟವನಲ್ಲ. ಎದುರು ಸಿಕ್ಕರೆ ಗಾಡಿ ನಿಲ್ಲಿಸಿ ಅಕ್ಕ ಎಂದು ಮಾತಾಡಿಸುತ್ತಿದ್ದ. ಒಂದು ದಿನ ಮಧ್ಯಾಹ್ನ ಬಟ್ಟೆಯಲ್ಲಿ ಸುತ್ತಿದ ದಪ್ಪ ಆಲ್ಬಮ್ ತಂದು ಅವಳ ಮುಂದಿಟ್ಟ. ಅದಕ್ಕೆ ನೀಲಿ ರೇಷ್ಮೆಯ ಹೊದಿಕೆ, ಬೆನ್ನಿನ ಹತ್ತಿರ ಗೇಣುದ್ದ ಹರಿದಿತ್ತು.

"ಅಕ್ಕ, ಇದು ನಿನ್ನ ಕೈಯಲ್ಲೇ ಆಗಬೇಕು. ಅಜ್ಜನ ಆಸ್ತಿ."

"ಆಸ್ತಿ ನಿಮ್ಮ ಪಾಲಿಗೆ ಬಂತು, ಅದರ ಹರಕು ನನ್ನ ಪಾಲಿಗೆ," ಅಂದಳು ಅವಳು. ಇಬ್ಬರೂ ನಕ್ಕರು.

ಒಳಗಿದ್ದದ್ದು ಹಳೆಯ ಚಿತ್ರದ ಕಾರ್ಡುಗಳು. ಸೇತುವೆ, ಬಂದರು, ಗಡಿಯಾರದ ಗೋಪುರ, ಜಲಪಾತ, ದೋಣಿ, ಅಗಲ ಬೀದಿ. ಕಪ್ಪುಬಿಳುಪಿನಲ್ಲಿ ಅಚ್ಚು ಮಾಡಿ ಮೇಲೆ ಬಣ್ಣ ಹಾಕಿದ್ದು. ಆ ಮನೆತನದಲ್ಲಿ ಅಜ್ಜ ಅಂದರೆ ದೇಶ ಸುತ್ತಿದವರು ಎಂದೇ ಲೆಕ್ಕ. ಹೋದ ಹೋದಲ್ಲಿ ಒಂದೊಂದು ಕಾರ್ಡು ಕೊಂಡು ತಂದರು, ಬಂದರಿನಲ್ಲಿ ಹಡಗು ತಪ್ಪಿತು, ಜಲಪಾತದಲ್ಲಿ ಟೋಪಿ ಹಾರಿಹೋಯಿತು ಎಂಬ ಕತೆಗಳನ್ನು ಕೇಳಿಯೇ ಈ ಅಕ್ಕತಮ್ಮಂದಿರು ದೊಡ್ಡವರಾಗಿದ್ದರು. ಅಜ್ಜಿಯ ಬಗ್ಗೆ ಇದ್ದದ್ದು ಒಂದೇ ಮಾತು. ಕೋಣೆ ಹಿಡಿದವಳು. ಹಗಲೂ ಒಳಕೋಣೆಯಲ್ಲಿ ಮಲಗಿರುತ್ತಿದ್ದಳು, ಯಾರು ಬಂದರೂ ಎದ್ದು ಬರುತ್ತಿರಲಿಲ್ಲ, ಅಂಥ ಹೆಂಡತಿಯನ್ನು ಕಟ್ಟಿಕೊಂಡು ಅಜ್ಜ ಹೇಗೆ ಬಾಳಿದರೋ ಎಂಬ ಮಾತು. ರಫೂ ಅಕ್ಕ ಚಿಕ್ಕವಳಿದ್ದಾಗ ಸ್ವಲ್ಪ ಹೊತ್ತು ಜಾಸ್ತಿ ಮಲಗಿದರೆ ಸಾಕು, "ಅಜ್ಜಿ ಎದ್ದಳೇನ್ರೋ ನೋಡಿ" ಎಂದು ಮನೆಯವರೆಲ್ಲ ಗೇಲಿ ಮಾಡುತ್ತಿದ್ದರಂತೆ. ತಾನೂ ತಂಗಿಯರಿಗೆ ಹಾಗೇ ಅಂದಿದ್ದೇನೆ ಎನ್ನುತ್ತಿದ್ದಳು.

"ಲಾಡ್ಜಿನ ಹಾಲ್‌ನಲ್ಲಿ ಎಲ್ಲವನ್ನೂ ಫ್ರೇಮ್ ಹಾಕಿಸಿ ಸಾಲಾಗಿ ತೂಗುಹಾಕ್ತೀನಿ," ಅಂದ ತಮ್ಮ. "ನಡುವೆ ಅಜ್ಜನ ಫೋಟೋ. ಮೇಲೆ ಬೋರ್ಡು, 'ಪ್ರಯಾಣ ನಮ್ಮ ರಕ್ತದಲ್ಲೇ ಇದೆ' ಅಂತ. ಆಲ್ಬಮ್ ಕೆಳಗೆ ಗಾಜಿನ ಪೆಟ್ಟಿಗೇಲಿ. ಹೇಗೆ?"

"ಚೆನ್ನಾಗಿರುತ್ತೆ," ಅಂದಳು. ಮನಸ್ಸಿನಿಂದಲೇ ಅಂದಳು.

ಅದೇ ವಾರ ಲಾಂಡ್ರಿಯ ಯಜಮಾನ ಬಂದು, ಮುಂಭಾಗಕ್ಕೆಲ್ಲ ಕಪ್ಪು ಗಾಜು ಹಾಕಿಸುತ್ತೇನೆ, ಮೆಟ್ಟಿಲು ಒಡೆಸುತ್ತೇನೆ, ನೀನು ಇನ್ನು ಮೇಲೆ ಇಸ್ತ್ರಿ ಮೇಜಿನ ಪಕ್ಕ ಕೂತುಕೋ ಅಂದ. "ಟ್ಯೂಬ್‌ಲೈಟ್ ಇದೆ, ಫ್ಯಾನಿದೆ. ಯಾವ ಆಫೀಸಿಗೆ ಕಮ್ಮಿ?" ಅವನು ಹೋದ ಮೇಲೆ ನನ್ನ ಕಡೆ ತಿರುಗಿ, "ಮೀನಿಗೆ ಹೇಳಿದ ಹಾಗಾಯ್ತು, ನೀರೊಂದು ಬಿಟ್ಟು ಎಲ್ಲಾ ಸೌಕರ್ಯ ಇದೆ ಅಂತ," ಅಂದಳು. ಬೇರೆ ಜಾಗ ಹುಡುಕಬೇಕಿತ್ತು. ಪೇಟೆಯಲ್ಲಿ ಬೆಳಕಿರುವ ಜಾಗಕ್ಕೆಲ್ಲ ಬಾಡಿಗೆ ಜಾಸ್ತಿ.

ಆಲ್ಬಮ್ಮಿನ ಹೊದಿಕೆ ಬಿಡಿಸಬೇಕೆಂದರೆ ಮೊದಲು ಕಾರ್ಡುಗಳನ್ನು ತೆಗೆಯಬೇಕು. ಮರುದಿನ ಬೆಳಿಗ್ಗೆ ಅವುಗಳನ್ನು ಮೆಟ್ಟಿಲ ಮೇಲೆ ಒಂದೊಂದಾಗಿ ಹರಡಿದಳು. ನಾನೂ ನೋಡುತ್ತಾ ನಿಂತಿದ್ದೆ. ಮನೆಯ ಮಬ್ಬಿನಲ್ಲಿ ಚೆಂದ ಕಾಣುತ್ತಿದ್ದ ಚಿತ್ರಗಳು ಹೊರಗಿನ ಬೆಳಕಿಗೆ ಬಂದ ಮೇಲೆ ಬೇರೆಯೇ ಆದವು. ಆಕಾಶ ಹಳದಿ, ಗೋಡೆ ಹಳದಿ, ನೀರಿನ ನೊರೆಯೂ ಹಳದಿ.

"ಕಾಮಾಲೆ ಹಿಡಿದಿದೆ ಇವಕ್ಕೆ," ಅಂದೆ ನಾನು. "ವಯಸ್ಸಾಯಿತು, ಪಾಪ."

ಅವಳು ಒಂದನ್ನು ಕೈಗೆತ್ತಿಕೊಂಡು ಕಣ್ಣಿನ ಹತ್ತಿರ ತಂದಳು. "ವಯಸ್ಸಾದರೆ ಅಂಚು ಮೊದಲು ಹಳದಿಯಾಗಬೇಕು. ಅಂಚು ನೋಡು, ಬೆಳ್ಳಗಿದೆ. ಹಿಂಬದಿ ನೋಡು."

ಹಿಂಬದಿಯೂ ಬೆಳ್ಳಗಿತ್ತು. ಒಂದರ ಹಿಂದೆಯೂ ಒಂದು ಅಕ್ಷರವಿರಲಿಲ್ಲ.

"ದೇಶ ಸುತ್ತಿದವರು ಹೆಂಡತಿಗೆ ಒಂದು ಸಾಲಾದರೂ ಬರೆಯಬಾರದಿತ್ತೇ," ಅಂದೆ. ನಾನು ತಮಾಷೆಗೆ ಅಂದದ್ದು.

ಅವಳು ನಗಲಿಲ್ಲ. ಕಾರ್ಡುಗಳನ್ನು ಬೇರೆ ಬೇರೆ ಗುಂಪು ಮಾಡತೊಡಗಿದ್ದಳು. ಸೇತುವೆಯೊಂದೇ ನಾಲ್ಕೈದು ಸಲ ಬಂತು. ಅದೇ ಸೇತುವೆ, ಅದೇ ಮೂಲೆಯಲ್ಲಿ ಅದೇ ನಾಯಿ. ಒಂದರಲ್ಲಿ ನದಿ ಹಸಿರು, ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ಬಣ್ಣ ಗೆರೆ ದಾಟಿ ನಾಯಿಯ ಬೆನ್ನಿಗೆ ಹರಿದಿತ್ತು. ನೋಡಲು ಹೋದವನು ಒಂದೇ ಸೇತುವೆಯ ಚಿತ್ರವನ್ನು ಇಷ್ಟು ಸಲ ಯಾಕೆ ಕೊಳ್ಳುತ್ತಾನೆ? ಅದೂ ಕೆಟ್ಟುಹೋದದ್ದನ್ನು?

ಆಮೇಲೆ ಅವಳು ಜಲಪಾತದ ಕಾರ್ಡಿನ ಮೇಲೆ ಬೆರಳಿಟ್ಟಳು. ತುಂಬಾ ಹೊತ್ತು ತೆಗೆಯಲಿಲ್ಲ. ಆಕಾಶದ ಬಣ್ಣದೊಳಗೆ ಸಣ್ಣ ಸಣ್ಣ ಗೀರು, ಉದ್ದಕ್ಕೂ ಅಡ್ಡಕ್ಕೂ. ನನಗೆ ಅದು ಕಾಗದದ ತರಿ ಅನ್ನಿಸಿತು.

"ಕಂಬಳಿ," ಅಂದಳು. "ಬಣ್ಣ ಹಸಿ ಇರುವಾಗ ಇದರ ಮೇಲೆ ಯಾರೋ ಕಂಬಳಿ ಎಳೆದಿದ್ದಾರೆ. ನೇಯ್ಗೆ ಅಚ್ಚೊತ್ತಿದೆ. ಹಸಿ ಬಣ್ಣದ ಮೇಲೆ ಯಾಕೆ ಎಳೀತಾರೆ?"

ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ ಉಳಿದಿದ್ದರು, ಅವಳ ಸೋದರತ್ತೆ. ಆ ಅಜ್ಜ ಅಜ್ಜಿಯ ಮಕ್ಕಳಲ್ಲಿ ಕೊನೆಯವರು. ಲಾಡ್ಜಿನವನ ಮನೆಯ ಮಹಡಿಯ ಕೋಣೆಯಲ್ಲಿದ್ದರು.

"ನೀನೂ ಬಾ," ಅಂದಳು ನನಗೆ. "ಹೊರಗಿನವರು ಇದ್ದರೆ ನನ್ನ ನಾಲಿಗೆ ಹಿಡಿತದಲ್ಲಿರುತ್ತೆ."

ಅತ್ತೆ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತು ಹಣ್ಣು ಸುಲಿಯುತ್ತಿದ್ದರು. ಕಿವಿ ಚುರುಕಾಗಿತ್ತು, ನಾಲಿಗೆ ಇನ್ನೂ ಚುರುಕು.

"ಅತ್ತೆ, ಅಜ್ಜ ಊರೂರು ಸುತ್ತಿದ್ರಂತಲ್ಲ. ನಿಜಾನಾ?"

"ಸುತ್ತದೇ ಏನು? ದಿನಾ ಮನೆಯಿಂದ ಛಾಪಖಾನೆಗೆ ಹೋಗೋರು, ಛಾಪಖಾನೆಯಿಂದ ಮನೆಗೆ ಬರೋರು. ದಾರೀಲಿ ಒಂದು ಮೋರಿ ದಾಟಬೇಕಿತ್ತು." ಅತ್ತೆ ಒಂದು ತೊಳೆ ಬಾಯಿಗೆ ಹಾಕಿಕೊಂಡರು. "ಈಗ್ಯಾಕೆ ಕೇಳ್ತೀಯ? ಆ ಹುಡುಗ ಬೋರ್ಡು ಬರೆಸ್ತಾ ಇದಾನೆ ಅಂತಲಾ?"

ರಫೂ ಅಕ್ಕ ಜಲಪಾತದ ಕಾರ್ಡನ್ನು ಅವರ ಮಡಿಲಲ್ಲಿಟ್ಟಳು. ಅತ್ತೆ ಅದನ್ನು ಮುಟ್ಟಲಿಲ್ಲ. ಸುಲಿಯುತ್ತಿದ್ದ ಕೈ ಮಾತ್ರ ನಿಂತಿತು.

ಅವರು ಹೇಳಿದ್ದು ಇಷ್ಟು. ಅಜ್ಜ ಛಾಪಖಾನೆಯಲ್ಲಿ ಗುಮಾಸ್ತ. ಅಲ್ಲಿ ಕಪ್ಪುಬಿಳುಪಿನ ಕಾರ್ಡು ಅಚ್ಚಾಗುತ್ತಿತ್ತು, ಬಣ್ಣ ಹಾಕುವ ಕೆಲಸವನ್ನು ಮನೆಗಳಿಗೆ ಕೊಡುತ್ತಿದ್ದರು. ಅಜ್ಜ ತಮ್ಮ ಹೆಸರಿನಲ್ಲಿ ಕಟ್ಟು ಕಟ್ಟು ತರುತ್ತಿದ್ದರು, ಬಣ್ಣ ಹಾಕುತ್ತಿದ್ದವಳು ಅಜ್ಜಿ. ಆದರೆ ಗುಮಾಸ್ತನ ಹೆಂಡತಿ ಕೂಲಿಗೆ ಕೈ ಹಾಕಿದಳು ಅಂತ ಬೀದಿಗೆ ಗೊತ್ತಾಗಬಾರದು. ಮನೆಗೆ ಎರಡು ಒಳ್ಳೆ ಕಿಟಕಿಗಳಿದ್ದವು, ಎರಡೂ ಬೀದಿಗೆ. ಅದಕ್ಕೇ ಅವಳನ್ನು ಒಳಗೆ ಕಿಟಕಿಯಿಲ್ಲದ ಸಾಮಾನಿನ ಕೋಣೆಯಲ್ಲಿ, ಹಗಲು ಹೊತ್ತಿನಲ್ಲೇ ದೀಪ ಹಚ್ಚಿ ಕೂರಿಸುತ್ತಿದ್ದರು.

"ಬಾಗಿಲಲ್ಲಿ ನನ್ನನ್ನ ನಿಲ್ಲಿಸೋರು. ಯಾರಾದ್ರೂ ಬಂದ್ರೆ ನಾನು ಕೆಮ್ಮಬೇಕು. ಕೆಮ್ಮಿದ ತಕ್ಷಣ ಅಮ್ಮ ದೀಪ ಊದಿ, ಕಾರ್ಡಿನ ಮೇಲೆ ಕಂಬಳಿ ಎಳ್ಕೊಂಡು ಮಲಗಿಬಿಡೋಳು. ಬಂದವರು ಕೇಳೋರು, ಏನು, ಮನೆಯವರಿಗೆ ಹುಷಾರಿಲ್ವಾ ಅಂತ. ಅಪ್ಪ ಹೇಳೋರು, ಅವಳದ್ದು ಯಾವಾಗಲೂ ಹಾಗೇ, ಕೋಣೆ ಹಿಡಿದಿದ್ದಾಳೆ."

ರಫೂ ಅಕ್ಕ ಮಂಚದ ಅಂಚಿನಲ್ಲಿ ಕೂತಳು.

"ಆ ದೀಪದಲ್ಲಿ ಹಳದಿ ಕಾಣ್ತಿರಲಿಲ್ಲ," ಅಂದಳು ನಿಧಾನವಾಗಿ. "ಮತ್ತೆ ಮತ್ತೆ ಬಳಿದಿದ್ದಾಳೆ."

"ಅದೇನೋ ನನಗೆ ಗೊತ್ತಿಲ್ಲಮ್ಮ. ಕಟ್ಟಿನಲ್ಲಿ ಒಂದಿಷ್ಟು ವಾಪಸು ಬರೋವು. ಹಳದಿ ಜಾಸ್ತಿ ಅಂತ, ಕಲೆ ಬಿದ್ದಿದೆ ಅಂತ. ಅಪ್ಪ ಅದನ್ನ ಅವಳ ಮುಂದೆ ಬಿಸಾಕೋರು. ಕಣ್ಣು ಎಲ್ಲಿಟ್ಕೊಂಡು ಕೆಲಸ ಮಾಡ್ತೀಯ ಅನ್ನೋರು. ಅವಳು ಒಂದೊಂದೇ ಆರಿಸಿ ಎತ್ತಿಡೋಳು. ಅವಳು ಹೋದ ಮೇಲೆ ಅಪ್ಪ ಅದನ್ನೆಲ್ಲ ಆಲ್ಬಮ್ಮಿಗೆ ಸಿಕ್ಕಿಸಿದ್ರು. ಮೊದಮೊದಲು ಬಂದವರಿಗೆ ತಮಾಷೆಗೆ ಹೇಳ್ತಿದ್ರು, ಇಲ್ಲೆಲ್ಲ ಹೋಗಿದ್ದೆ ಅಂತ. ಹೇಳ್ತಾ ಹೇಳ್ತಾ ಹೋಗಿಯೇ ಬಂದುಬಿಟ್ಟರು."

"ಅತ್ತೆ." ರಫೂ ಅಕ್ಕ ಅವರ ಕಡೆ ತಿರುಗಿದಳು. "ಇಷ್ಟು ವರ್ಷ ನಾವೆಲ್ಲ ಅವಳನ್ನ ಗೇಲಿ ಮಾಡ್ತಾ ಇದ್ದಾಗ ನೀವೂ ಕೂತ್ಕೊಂಡು ನಕ್ಕಿದ್ದೀರಿ."

"ನಕ್ಕಿದ್ದೀನಿ. ಏನು ಮಾಡಬೇಕಿತ್ತು? ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದವಳು ನಾನೇ ಕಣೇ. ಅದನ್ನೇನು ಹೆಮ್ಮೆಯಿಂದ ಸಾರಿಕೊಂಡು ಬರಲಾ?" ಅತ್ತೆ ಹಣ್ಣನ್ನು ತಟ್ಟೆಗೆ ಹಾಕಿದರು. "ತಗೊಂಡು ಹೋಗು ಅದನ್ನ. ನನ್ನ ಮಡಿಲಲ್ಲಿ ಬೇಡ."

ವಾಪಸು ಬರುವಾಗ ಅವಳು ಪೇಟೆಯ ತಿರುವಿನಲ್ಲಿ ನಿಂತು, "ಅವನು ಟೋಪಿ ಹಾರಿಹೋಯಿತು ಅಂತಿದ್ದ," ಅಂದಳು. "ಜಲಪಾತದ ಹತ್ತಿರ." ಅಲ್ಲಿಯ ತನಕ ಅವಳ ಬಾಯಲ್ಲಿ ಅಜ್ಜ ಯಾವಾಗಲೂ 'ಅವರು' ಆಗಿದ್ದರು. ಆವತ್ತಿನಿಂದ 'ಅವನು'.

ಸಿಟ್ಟು ಅವಳಿಗೆ ಒಗ್ಗದ ಅಂಗಿಯ ಹಾಗಿತ್ತು, ಎಲ್ಲಿ ಕೈ ಹಾಕಬೇಕೆಂದು ಗೊತ್ತಾಗುತ್ತಿರಲಿಲ್ಲ. ಸೂಜಿ ಮುರಿಯುತ್ತಿದ್ದಳು. ಲಾಂಡ್ರಿಯ ಯಜಮಾನನ ಮೇಲೆ ಸಿಡುಕಿದಳು, ಅವನ ಕಪ್ಪು ಗಾಜಿನ ಲಾರಿ ಬಂದಾಗ ಎದ್ದು ಜಾಗ ಕೊಡಲಿಲ್ಲ. ನನ್ನ ಮೇಲೂ ರೇಗಿದಳು. ಸತ್ತವರ ಲೆಕ್ಕ ದೇವರು ನೋಡಿಕೊಳ್ಳುತ್ತಾನೆ ಎಂದು ನಾನು ಅಂದಿದ್ದೆ.

"ದೇವರು ಆ ಮನೆಗೆ ಎರಡು ಕಿಟಕಿ ಕೊಟ್ಟಿದ್ದ," ಅಂದಳು. "ಅವನ ಪಾಲಿನ ಕೆಲಸ ಅವನು ಮಾಡಿದ್ದ."

ನಾನು ಪ್ರಾರ್ಥನೆಯಲ್ಲಿ ತೀರಿಹೋದವರನ್ನು ನೆನೆಯುವವಳು. ಅವತ್ತಿನಿಂದ, ಹೆಸರೂ ತಿಳಿಯದ ಆ ಹೆಂಗಸನ್ನೂ ಅವರ ಜೊತೆ ಸೇರಿಸಿದೆ. ಅಜ್ಜಿಯ ಹೆಸರೇನು ಎಂದು ಕೇಳಿದ್ದಕ್ಕೆ ರಫೂ ಅಕ್ಕನ ಮುಖ ಇನ್ನಷ್ಟು ಬಿಗಿಯಿತು. ಅವಳಿಗೂ ಗೊತ್ತಿರಲಿಲ್ಲ. ಮತ್ತೆ ಮಹಡಿ ಹತ್ತಿ ಅತ್ತೆಯನ್ನು ಕೇಳಿ ತಿಳಿದುಕೊಂಡು ಬಂದಳು. ನನಗೆ ಹೇಳಿದಳು. ಬರೆಯಬೇಡ, ಬರೆದರೆ ತಮ್ಮನ ಬೋರ್ಡಿನ ಮೇಲೇ ಮೊದಲು ಬರೆಯಬೇಕು ಎಂದಳು. ಅದಕ್ಕೇ ಇಲ್ಲೂ ಬರೆದಿಲ್ಲ.

ಆಲ್ಬಮ್ಮಿನ ಹರಕನ್ನು ಮಾತ್ರ ಅವಳು ಹಾಗೇ ಬಿಡಲಿಲ್ಲ. ಹರಿದದ್ದನ್ನು ಹರಿದಂತೆಯೇ ತಮ್ಮನ ಮುಖಕ್ಕೆ ಹಿಡಿ ಎಂದು ನನ್ನ ಮನಸ್ಸು ಹೇಳುತ್ತಿತ್ತು. "ಒಪ್ಪಿಕೊಂಡ ಕೆಲಸ. ಬಟ್ಟೆ ಏನು ತಪ್ಪು ಮಾಡಿದೆ?" ಅಂದಳು. ಮೆಟ್ಟಿಲು ಒಡೆಯುವ ಮುಂಚಿನ ಕೊನೆಯ ದಿನಗಳವು. ಬೆಳಿಗ್ಗೆ ಬೆಳಿಗ್ಗೆ ನೀಲಿ ಎಳೆಗಳನ್ನು ಆಕಾಶಕ್ಕೆ ಹಿಡಿದು ಆರಿಸಿದಳು. ಕಚ್ಚಿದ ಹಲ್ಲಿನಲ್ಲಿ ಮಾಡಿದ ಆ ರಫೂವಿನಂಥದ್ದನ್ನು ಮುಂಚೆ ನಾನು ಕಂಡಿರಲಿಲ್ಲ. ಬೆರಳು ಸವರಿದರೂ ತಡೆಯುತ್ತಿರಲಿಲ್ಲ.

ಅದನ್ನು ಕೊಡಲು ಲಾಡ್ಜಿಗೆ ಹೋದಾಗ ಹಾಲ್‌ನಲ್ಲಿ ಗೋಡೆಗೆ ಸುಣ್ಣ ಬಳಿದಾಗಿತ್ತು. ಬೋರ್ಡು ಬಂದಿತ್ತು. ಅಜ್ಜನ ಫೋಟೋ ಟೋಪಿ ಸಮೇತ ನಡುವೆ ಕೂತಿತ್ತು. ತಮ್ಮ ಆಲ್ಬಮ್ ತಿರುವಿ ಮುರುವಿ ನೋಡಿ, "ಎಲ್ಲಿ ಹರಿದಿತ್ತು ಅನ್ನೋದೇ ಗೊತ್ತಾಗ್ತಿಲ್ಲ ಅಕ್ಕ," ಅಂದ.

ಅವಳು ಅಲ್ಲೇ, ಕೌಂಟರಿನ ಮುಂದೆ ನಿಂತೇ ಎಲ್ಲವನ್ನೂ ಹೇಳಿದಳು. ಅವನು ಕೇಳಿಸಿಕೊಂಡ. ನಡುವೆ ಬಾಯಿ ಹಾಕಲಿಲ್ಲ, ಅದನ್ನು ಒಪ್ಪಬೇಕು.

"ಬೋರ್ಡು ತೆಗೆಸು," ಅಂದಳು ಕೊನೆಗೆ. "ಅಜ್ಜಿಯ ಹೆಸರು ಹಾಕು. ಬಣ್ಣ ಹಾಕಿದವಳು ಅವಳು ಅಂತ ಬರೆಸು."

"ಬರೆಸ್ತೀನಿ ಅಕ್ಕ, ಏನಂತ ಬರೆಸಲಿ? ಛಾಪಖಾನೆಯವರು ಬೇಡ ಅಂತ ವಾಪಸು ಕಳಿಸಿದ ಮಾಲು ಅಂತಲಾ? ಊರಿಂದ ಬಂದವರು ರೂಮು ಕೇಳೋಕೆ ನಿಂತಿರ್ತಾರೆ. ಅವರಿಗೆ ನಮ್ಮ ಮನೆಯ ಕೋಣೆಕತೆ ಯಾಕೆ?" ಅವನು ದನಿ ತಗ್ಗಿಸಿದ. "ಎಲ್ಲರೂ ಹೋಗಿಯಾಯ್ತು. ಈಗ ಕೆದಕಿ ಯಾರಿಗೇನು ಸಿಗುತ್ತೆ? ಬೇಕಾದ್ರೆ ಅಜ್ಜಿಯ ಫೋಟೋನೂ ಪಕ್ಕದಲ್ಲಿ ಹಾಕ್ತೀನಿ. ಕೊಡು."

"ಅವಳ ಫೋಟೋ ಎಲ್ಲಿದೆಯೋ? ಬೆಳಕಿಗೆ ಬಿಟ್ಟಿದ್ದರೆ ತಾನೇ ತೆಗೆಯೋದು."

ರೂಮು ಕೇಳಲು ಬಂದಿದ್ದವರು ತಿರುಗಿ ನೋಡಿದರು. ಅವಳು ಜಲಪಾತದ ಕಾರ್ಡನ್ನು ಕೌಂಟರಿನ ಮೇಲಿಟ್ಟು, ಅದರ ಮೇಲೆ ಅಂಗೈ ಊರಿ, "ನೀನು ಚಿಕ್ಕವನಿದ್ದಾಗ ನನ್ನನ್ನ ಕೋಣೆಕ್ಕ ಅಂತ ಕರೀತಿದ್ದೆ, ನೆನಪಿದೆಯಾ?" ಅಂದಳು. ಅವನಿಗೆ ನೆನಪಿತ್ತು, ಅದು ಅವನ ಮುಖದಲ್ಲಿ ಕಂಡಿತು. ಆದರೂ ಬೋರ್ಡು ಇಳಿಯಲಿಲ್ಲ. ಮರುವಾರವೇ ಕಾರ್ಡುಗಳೆಲ್ಲ ಗೋಡೆ ಏರಿದವು. ಸೇತುವೆಯದ್ದು ಒಂದು ಇಟ್ಟು ಉಳಿದವನ್ನು ಅವನು ಬಿಟ್ಟಿದ್ದನಂತೆ. ಹಾಲ್‌ನಲ್ಲಿ ಹಳದಿ ಬಲ್ಬುಗಳು. ಆ ಬೆಳಕಿನಲ್ಲಿ ಆಕಾಶಗಳೆಲ್ಲ ಸರಿಯಾಗಿಯೇ ಕಾಣುತ್ತಿದ್ದವು ಎಂದು ಅಲ್ಲಿ ಹೋಗಿ ಬಂದವರು ಹೇಳಿದರು. ಆ ಮಾತನ್ನು ಅವಳಿಗೆ ಮುಟ್ಟಿಸಬಾರದಿತ್ತು. ಯಾರೋ ಮುಟ್ಟಿಸಿದರು. ಎರಡು ದಿನ ಅವಳ ಹತ್ತಿರ ಹೋಗುವ ಹಾಗಿರಲಿಲ್ಲ.

ಲಾಂಡ್ರಿಯ ಮೆಟ್ಟಿಲು ಒಡೆದ ದಿನ ಅವಳು ಡಬ್ಬಿ ಎತ್ತಿಕೊಂಡು ನನ್ನ ಅಂಗಡಿಯ ಮುಂದಿನ ಕಟ್ಟೆಗೆ ಬಂದಳು. ಅಗಲ ಸಾಲದು, ಒಂದು ಕಾಲು ಕೆಳಗೆ ಇಳಿಬಿಟ್ಟೇ ಕೂರಬೇಕು, ಸೈಕಲ್ಲುಗಳು ಮೊಣಕಾಲಿಗೆ ತಾಗುವಂತೆ ಹೋಗುತ್ತವೆ. ಮಳೆ ಬಂದರೆ ಮೇಲೆ ಸೂರಿಲ್ಲ. ಗಿರಾಕಿಗಳು ಅರ್ಧಕ್ಕಿಳಿದರು. ಹೆಂಗಸು ಬೀದಿಗೆ ಬಂದು ಕೂತಿದ್ದಾಳೆ ಎಂದು ಎದುರಿನ ಔಷಧಿ ಅಂಗಡಿಯವನು ನನ್ನ ಹತ್ತಿರವೇ ಅಂದ. ಅದೂ ಅವಳ ಕಿವಿಗೆ ಬಿತ್ತು.

ಒಂದು ಬೆಳಿಗ್ಗೆ ಲಾಡ್ಜಿನ ತಮ್ಮ ಬಂದ. ಅವಳು ಬೂದು ಬಣ್ಣದ ಕೋಟೊಂದಕ್ಕೆ ಎಳೆ ನೋಡುತ್ತಿದ್ದಳು. ಮುಗಿಯುವ ತನಕ ಮಾತಿಲ್ಲವೆಂದು ಅವನಿಗೂ ಗೊತ್ತಿತ್ತು, ಗಾಡಿಯ ಪಕ್ಕ ನಿಂತು ಕಾದ. ಅವಳು ತಲೆಯೆತ್ತಿದ ಮೇಲೆ ಹತ್ತಿರ ಬಂದ.

"ಅಕ್ಕ, ಆಗಿದ್ದಾಯ್ತು. ನೀನು ಹೀಗೆ ಬೀದೀಲಿ ಕೂತಿರೋದನ್ನ ನೋಡೋಕೆ ನನಗಾಗ್ತಿಲ್ಲ. ನಾಳೆ ಯಾರಾದ್ರೂ, ಲಾಡ್ಜಿನವನ ಅಕ್ಕ ಕಟ್ಟೆ ಮೇಲೆ ಕೂತು ಹರಕು ಹೊಲೀತಾಳೆ ಅಂದ್ರೆ ಮರ್ಯಾದೆ ಯಾರದ್ದು ಹೋಗುತ್ತೆ? ಲಾಡ್ಜಿನಲ್ಲಿ ಹಿಂದೆ ಹಾಸಿಗೆ ಬಟ್ಟೆ ಇಡೋ ಕೋಣೆ ಇದೆ. ಅದರಲ್ಲಿ ಅರ್ಧ ನಿನಗೆ. ಬಾಡಿಗೆ ಗೀಡಿಗೆ ಏನೂ ಬೇಡ. ಬಂದವರ ಬಟ್ಟೆಯೂ ನಿನಗೇ ಸಿಗುತ್ತೆ. ಯಾರೂ ನೋಡಲ್ಲ, ನಿನ್ನ ಪಾಡಿಗೆ ನೀನಿರಬಹುದು."

ಅವನು ಮೋಸಕ್ಕೆ ಹೇಳುತ್ತಿರಲಿಲ್ಲ. ಕಣ್ಣು ಒದ್ದೆಯಾಗಿತ್ತು. ನನಗೂ ಒಂದು ಗಳಿಗೆ, ಒಪ್ಪಿಕೊಳ್ಳಬಾರದೇ ಅನ್ನಿಸಿತು. ಹಿಂದಿನ ದಿನವಷ್ಟೇ ಒಬ್ಬನ ಸೈಕಲ್ ತಾಗಿ ಅವಳ ಪಾದ ಊದಿತ್ತು.

"ಕಿಟಕಿ ಇದೆಯಾ?" ಅಂದಳು.

"ಕಿಟಕಿ ಯಾಕೆ ಅಕ್ಕ? ಎಷ್ಟು ಬೇಕೋ ಅಷ್ಟು ಲೈಟು ಹಾಕಿಸ್ತೀನಿ."

ಅವಳು ಕೋಟನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು. ಅವನು ಇನ್ನೂ ಅವಳ ಮುಖವನ್ನೇ ನೋಡುತ್ತಿದ್ದ. ನಾನು ಅಂಗಡಿಯೊಳಗೆ ಗುಂಡಿಗಳನ್ನು ಸುಮ್ಮನೆ ಆಚೆಯಿಂದ ಈಚೆಗೆ ಹಾಕುತ್ತಿದ್ದೆ.

"ಬೇಡ," ಅಂದಳು. "ಆ ಕೋಣೆ ನನಗೆ ಬೇಡ. ನೀನು ನಿನ್ನ ಮರ್ಯಾದೆ ಒಳಗಿಟ್ಕೋ. ನಾನು ಇಲ್ಲೇ ಕೂರ್ತೀನಿ, ಬಂದವರೆಲ್ಲ ನೋಡಲಿ."

ಅವನು ಮತ್ತೇನೋ ಹೇಳಹೊರಟ. ಅವಳು ಆಗಲೇ ಮುಂದಿನ ಶಾಲು ಎತ್ತಿಕೊಂಡು ಬಿಸಿಲಿಗೆ ಬೆನ್ನು ಮಾಡಿದ್ದಳು.